ಗೀಸರು ಗೊಣಗಿದಾಗ

ಮನೆಯೆಂದ ಮೇಲೆ ಸದ್ದು ಇದ್ದೇ ಇರುತ್ತದೆ. ಕುಕ್ಕರಿನ ಸೀಟಿ, ಮಿಕ್ಸಿಯ ಮೊರೆತ, ಮೇಲಿನ ಮಹಡಿಯ ಮಕ್ಕಳ ಓಟ, ನೀರು ಬರುವ ಮುನ್ನ ನಲ್ಲಿ ಬಿಡುವ ನಿಟ್ಟುಸಿರು, ಇವೆಲ್ಲಕ್ಕೂ ನಮ್ಮ ಕಿವಿ ಒಗ್ಗಿಹೋಗಿದೆ. ಆದರೆ ಚಳಿಗಾಲದ ನಸುಕಿನಲ್ಲಿ, ಮನೆಮಂದಿಯೆಲ್ಲ ಹೊದಿಕೆಯೊಳಗೆ ಮುದುಡಿಕೊಂಡಿರುವಾಗ, ಬಚ್ಚಲುಮನೆಯ ಗೋಡೆಗೆ ತೂಗುಬಿದ್ದ ಗೀಸರು ಹೊಟ್ಟೆಯೊಳಗಿನಿಂದ ಗುಡುಗುಡು ಎಂದರೆ ಯಾರ ಎದೆ ತಾನೆ ನಡುಗದು? ಹೋದ ಸಂಕ್ರಾಂತಿಯಂದು ಎಳ್ಳುಬೆಲ್ಲ ಹಂಚಿಕೊಳ್ಳುತ್ತ ಕುಳಿತಿದ್ದಾಗ ಸಂಘದ ಮೂವರು ಗೃಹಿಣಿಯರು ಒಬ್ಬರಾದ ಮೇಲೊಬ್ಬರು ಇದೇ ಮಾತನ್ನೆತ್ತಿದರು. ಒಬ್ಬರ ಮನೆಯ ಗೀಸರು ಅನ್ನ ಕುದಿಯುವ ತಪ್ಪಲೆಯಂತೆ ಕೊತಕೊತಗುಟ್ಟುತ್ತದೆಯಂತೆ; ಇನ್ನೊಬ್ಬರದು ಹಾವಿನಂತೆ ಬುಸುಗುಟ್ಟುತ್ತದೆಯಂತೆ; ಮೂರನೆಯವರದು ಹೊತ್ತಿಕೊಳ್ಳುವಾಗ ‘ಧಬ್’ ಎನ್ನುತ್ತದೆಯಂತೆ. ಸದ್ದು ನಿಲ್ಲಿಸುವುದು ಹೇಗೆ ಎಂಬುದೇ ಮೂವರ ಪ್ರಶ್ನೆ.

ನಾವು ಎಂಜಿನಿಯರರಲ್ಲ. ಆದರೆ ದೆಹಲಿಯಲ್ಲಿ ಇಪ್ಪತ್ತೆರಡು ವರ್ಷ, ಆಮೇಲೆ ಪುಣೆಯಲ್ಲಿ, ಬಗೆಬಗೆಯ ಗೀಸರುಗಳ ಸಹವಾಸ ಮಾಡಿದವರು. ಒಮ್ಮೆ ಅದಕ್ಕಾಗಿ ದೊಡ್ಡ ಬೆಲೆ ತೆರುವುದರಿಂದ ಕೂದಲೆಳೆಯಷ್ಟರಲ್ಲಿ ಪಾರಾದವರು. ಸದ್ದು ನಿಲ್ಲಿಸುವ ಮುನ್ನ ಸದ್ದಿನ ಅರ್ಥ ತಿಳಿಯಬೇಕು. ಅದಕ್ಕಿಂತ ಮುಖ್ಯವಾದ ಮತ್ತೊಂದು ಮಾತೂ ಇದೆ. ಅದನ್ನು ಅದರ ಜಾಗದಲ್ಲಿ ಹೇಳುತ್ತೇವೆ.

ಹಂಡೆಯ ಕಾಲ

ನಮ್ಮಲ್ಲಿ ಬಹುಮಂದಿ ಹಿರಿಯರು ಹಂಡೆಯ ನೀರು ಮಿಂದು ಬೆಳೆದವರು. ಬಚ್ಚಲುಮನೆಯ ಮೂಲೆಯಲ್ಲಿ ಒಲೆ, ಅದರ ಮೇಲೆ ಗಾರೆ ಹಾಕಿ ಕೂರಿಸಿದ ತಾಮ್ರದ ಹಂಡೆ. ದೀಪಾವಳಿಗೆ ಮುನ್ನ ನೀರು ತುಂಬುವ ಹಬ್ಬದ ಸಂಜೆ ಅದನ್ನು ಹುಣಿಸೆಹಣ್ಣು ಹಚ್ಚಿ ಬೆಳಗಿ, ಕೊರಳಿಗೆ ಹೂವು ಸುತ್ತಿ, ನೀರು ತುಂಬಿಸಿ, ಮರುದಿನ ನಸುಕಿನಲ್ಲಿ ಎಣ್ಣೆಸ್ನಾನ. ಆ ಒಲೆ ಸುಮ್ಮನೆ ಉರಿದದ್ದೇ ಇಲ್ಲ. ಹಸಿ ಸೌದೆ ಚಿಟಚಿಟ ಸಿಡಿಯುತ್ತಿತ್ತು. ಕೊಳ್ಳಿಯ ತುದಿಯಿಂದ ‘ಬುಸ್’ ಎಂದು ಉರಿ ಚಿಮ್ಮುತ್ತಿತ್ತು. “ಒಲೆ ನಗ್ತಾ ಇದೆ, ಯಾರೋ ನೆಂಟರು ಬರ್ತಾರೆ” ಎನ್ನುತ್ತಿದ್ದರು ನಮ್ಮ ಅಜ್ಜಿ. ಸೌದೆಯೊಳಗಿನ ಹಸಿ ಆವಿಯಾಗಿ, ಅನಿಲವಾಗಿ, ಬಿರುಕಿನಿಂದ ನುಗ್ಗಿ ಬಂದು ಹೊತ್ತಿಕೊಳ್ಳುವುದೇ ಆ ನಗು ಎಂಬುದು ನಮಗೆ ಶಾಲೆಗೆ ಹೋದ ಮೇಲೆ ತಿಳಿಯಿತು. ನೆಂಟರಂತೂ ಒಲೆ ನಕ್ಕರೂ ಬರುತ್ತಿದ್ದರು, ನಗದಿದ್ದರೂ ಬರುತ್ತಿದ್ದರು.

ಆ ಒಲೆಯ ಹೊಗೆ ಒಳ್ಳೆಯದಾಗಿತ್ತೆಂದು ನಾವು ಹೇಳುವುದಿಲ್ಲ. ನಮ್ಮ ತಾಯಂದಿರ ಕಣ್ಣನ್ನೂ ಎದೆಯನ್ನೂ ಅದು ಸುಟ್ಟಿದೆ. ಆದರೆ ಅದು ತಾನು ಇದ್ದೇನೆಂದು ಸಾರಿ ಹೇಳುತ್ತಿತ್ತು. ಹೊಗೆ ಹೆಚ್ಚಾದರೆ ಕಣ್ಣು ಉರಿದು, ಕೆಮ್ಮು ಬಂದು, ಮನುಷ್ಯ ತಾನಾಗಿ ಬಾಗಿಲು ತೆರೆದು ಹೊರಗೆ ಓಡುತ್ತಿದ್ದ. ಹೆಂಚಿನ ಸಂದಿನಿಂದ ಗಾಳಿ ಆಡುತ್ತಿತ್ತು. ಈಗಿನ ಫ್ಲಾಟಿನ ಬಚ್ಚಲುಮನೆಗೆ ಹೆಂಚಿಲ್ಲ, ಸಂದಿಲ್ಲ. ಅಲ್ಲಿ ಉರಿಯುವ ಬೆಂಕಿಗೆ ಹೊಗೆಯೂ ಇಲ್ಲ. ಈ ವ್ಯತ್ಯಾಸವನ್ನು ವಾಚಕರು ನೆನಪಿನಲ್ಲಿಟ್ಟುಕೊಳ್ಳಬೇಕು.

ಗುಡುಗುಡು: ತಳದಲ್ಲಿ ಕೂತ ಸುಣ್ಣ

ಮೊದಲು ವಿದ್ಯುತ್ ಗೀಸರಿನ ಮಾತು. ಅದರ ರಚನೆ ಬಲು ಸರಳ. ನೀರು ನಿಲ್ಲುವ ಒಂದು ತೊಟ್ಟಿ, ಅದರೊಳಗೆ ಸಾಮಾನ್ಯವಾಗಿ ೨೦೦೦ ವಾಟಿನ ಕಾಯುವ ಸುರುಳಿ, ನೀರು ಸಾಕಷ್ಟು ಕಾದಾಗ ವಿದ್ಯುತ್ತನ್ನು ಕಡಿಯುವ ಥರ್ಮೋಸ್ಟಾಟು, ಒತ್ತಡ ಮೀರಿದರೆ ನೀರನ್ನು ಹೊರಬಿಡುವ ಸುರಕ್ಷಾ ಕವಾಟ, ತೊಟ್ಟಿ ತುಕ್ಕು ಹಿಡಿಯದಂತೆ ತಾನು ಸವೆಯುವ ಒಂದು ಮೆಗ್ನೀಸಿಯಂ ಸರಳು. ಇಷ್ಟೆ.

ದೆಹಲಿಯ ನಮ್ಮ ವಸತಿಯಲ್ಲಿ ಬೇಸಗೆಯಲ್ಲಿಯೂ ಚಳಿಗಾಲದಲ್ಲಿಯೂ ಕೊಳವೆಬಾವಿಯ ನೀರೇ ಗತಿ. ಹೊಸ ಗೀಸರು ಮೊದಲ ಚಳಿಗಾಲ ಮೌನವಾಗಿತ್ತು. ಎರಡನೆಯದರಲ್ಲಿ ಸಣ್ಣಗೆ ಗೊಣಗಿತು. ಮೂರನೆಯದರಲ್ಲಿ ಗೋಲಿ ತುಂಬಿದ ಡಬ್ಬಿ ಅಲುಗಿಸಿದಂತೆ ಗುಡುಗುಟ್ಟಿತು. ಮಿಸ್ತ್ರಿ ಬಂದು ಬಿಚ್ಚಿದಾಗ ತಳದಿಂದ ಎರಡು ಹಿಡಿ ಬಿಳಿಯ ಚಕ್ಕೆ ಉದುರಿತು. ಸುರುಳಿಯಂತೂ ಸುಣ್ಣದ ಕೋಲಿನಂತೆ ಕಾಣುತ್ತಿತ್ತು.

ಕಾರಣವಿಷ್ಟೆ. ಗಡಸು ನೀರಿನಲ್ಲಿ ಕ್ಯಾಲ್ಸಿಯಂ ಮತ್ತು ಮೆಗ್ನೀಸಿಯಂ ಲವಣಗಳು ಕರಗಿರುತ್ತವೆ. ಸಕ್ಕರೆ ಬಿಸಿನೀರಿನಲ್ಲಿ ಹೆಚ್ಚು ಕರಗುತ್ತದೆ. ಈ ಸುಣ್ಣದ ಸ್ವಭಾವ ಅದಕ್ಕೆ ತದ್ವಿರುದ್ಧ. ನೀರು ಕಾದಂತೆ ಅದು ಬೇರ್ಪಟ್ಟು, ಅತ್ಯಂತ ಬಿಸಿಯಾದ ಜಾಗಕ್ಕೇ, ಎಂದರೆ ಸುರುಳಿಗೇ, ಹಕ್ಕಳೆಯಂತೆ ಅಂಟುತ್ತದೆ. ಹಕ್ಕಳೆಯ ಅಡಿಯಲ್ಲಿ ಸಿಕ್ಕ ಹನಿ ನೀರು ಮಿತಿಮೀರಿ ಕಾದು ಆವಿಯ ಗುಳ್ಳೆಯಾಗುತ್ತದೆ. ಗುಳ್ಳೆ ತಪ್ಪಿಸಿಕೊಂಡು ಮೇಲೆ ಬಂದು ತಣ್ಣನೆಯ ನೀರು ತಾಕಿದೊಡನೆ ಕುಸಿಯುತ್ತದೆ. ಸಾವಿರಾರು ಗುಳ್ಳೆಗಳು ಹೀಗೆ ಹುಟ್ಟಿ ಸಾಯುವ ಸದ್ದೇ ಆ ಗುಡುಗುಡು.

ಇದು ಸ್ಫೋಟದ ಮುನ್ಸೂಚನೆಯಲ್ಲ, ಹೆದರಬೇಕಾಗಿಲ್ಲ. ಆದರೆ ಅಲಕ್ಷಿಸಿದರೆ ನಷ್ಟವುಂಟು. ಸುಣ್ಣ ಶಾಖವನ್ನು ತಡೆಯುವುದರಿಂದ ವಿದ್ಯುತ್ತು ಹೆಚ್ಚು ಖರ್ಚಾಗುತ್ತದೆ, ಸುರುಳಿ ಸುಟ್ಟುಹೋಗುತ್ತದೆ. ಕುಡಿಯುವ ನೀರಿನ ಭಾರತೀಯ ಮಾನಕದ ಪ್ರಕಾರ ಗಡಸುತನ ಲೀಟರಿಗೆ ೨೦೦ ಮಿಲಿಗ್ರಾಮಿನೊಳಗಿದ್ದರೆ ಒಳ್ಳೆಯದು. ಬೇರೆ ನೀರಿಲ್ಲದಿದ್ದರೆ ೬೦೦ರವರೆಗೆ ಒಪ್ಪಬಹುದು. ಕೆರೆಗಳಿಂದ ಬರುವ ಮುಂಬಯಿಯ ಪುರಸಭೆಯ ನೀರು ಮೃದು. ಅಲ್ಲಿಯ ಗೀಸರು ಸಾಧು ಪ್ರಾಣಿ. ಕೊಳವೆಬಾವಿಯನ್ನೋ ಟ್ಯಾಂಕರನ್ನೋ ನಂಬಿದ ದೆಹಲಿ, ಹೈದರಾಬಾದು, ಚೆನ್ನೈಗಳ ಬಡಾವಣೆಗಳವರು ವರ್ಷಕ್ಕೊಮ್ಮೆ, ದಸರೆಯ ಹೊತ್ತಿಗೆ, ಗೀಸರನ್ನು ಬಿಚ್ಚಿಸಿ ಸುಣ್ಣ ತೆಗೆಸುವುದು ಲೇಸು. ಅದೇ ಹೊತ್ತಿನಲ್ಲಿ ಮೆಗ್ನೀಸಿಯಂ ಸರಳು ಎಷ್ಟು ಉಳಿದಿದೆಯೆಂದು ಕೇಳಿ ನೋಡಿ. ಥರ್ಮೋಸ್ಟಾಟನ್ನು ತುತ್ತತುದಿಗೆ ತಿರುಗಿಸಿಡಬೇಡಿ; ೬೦ ಡಿಗ್ರಿಯ ಆಸುಪಾಸು ಸ್ನಾನಕ್ಕೆ ಧಾರಾಳ. ನೀರು ಹೆಚ್ಚು ಕಾದಷ್ಟೂ ಸುಣ್ಣ ಹೆಚ್ಚು ಕೂರುತ್ತದೆ.

ಬುಸ್ ಎನ್ನುವುದು, ತೊಟ್ಟಿಕ್ಕುವುದು

ಎರಡನೆಯದು ಬುಸುಗುಟ್ಟುವ ಸದ್ದು. ಜೊತೆಗೆ ಗೀಸರಿನ ಕೆಳಗಿನ ಕವಾಟದಿಂದ ತೊಟ್ಟುತೊಟ್ಟಾಗಿ ನೀರು. ಕಾದ ನೀರು ಹಿಗ್ಗುತ್ತದೆ. ೨೦ ಡಿಗ್ರಿಯಿಂದ ೬೦ ಡಿಗ್ರಿಗೆ ಕಾದರೆ ನೂರಕ್ಕೆ ಸುಮಾರು ಒಂದೂವರೆ ಪಾಲು ಹಿಗ್ಗುತ್ತದೆ. ೨೫ ಲೀಟರಿನ ತೊಟ್ಟಿಯಲ್ಲಿ ಇದು ಒಂದು ದೊಡ್ಡ ಲೋಟದಷ್ಟಾಯಿತು. ಆ ನೀರಿಗೆ ಹಿಂದಕ್ಕೆ ಹೋಗಲು ದಾರಿಯಿಲ್ಲದಿದ್ದರೆ ಕವಾಟ ತೆರೆದು ಅದನ್ನು ಹೊರಬಿಡುತ್ತದೆ. ಕಾಯುವಾಗ ನಾಲ್ಕು ತೊಟ್ಟು ಬಿದ್ದರೆ ಕವಾಟ ತನ್ನ ಕೆಲಸ ಮಾಡುತ್ತಿದೆಯೆಂದು ಸಂತೋಷಪಡಿ.

ದೆಹಲಿಯಲ್ಲಿ ನಮ್ಮ ನೆರೆಮನೆಯವರೊಬ್ಬರು ಈ ತೊಟ್ಟಿನ ಕಾಟ ತಾಳಲಾರದೆ ಕವಾಟದ ಬಾಯಿಗೆ ಮರದ ಬಿರಡೆ ಜಡಿದು, ಮೇಲೆ ತಂತಿ ಸುತ್ತಿದ್ದರು. “ನೋಡಿ, ಹೇಗೆ ಬಾಯಿ ಮುಚ್ಚಿಸಿದೆ!” ಎಂದು ಹೆಮ್ಮೆಯಿಂದ ತೋರಿಸಿದರು. ಅವರು ಮುಚ್ಚಿಸಿದ್ದು ಮನೆಯ ಕಾವಲುಗಾರನ ಬಾಯಿಯನ್ನು. ಥರ್ಮೋಸ್ಟಾಟು ಕೆಟ್ಟು ನೀರು ಕಾಯುತ್ತಲೇ ಹೋಗಿ, ಕವಾಟವೂ ಮುಚ್ಚಿದ್ದರೆ, ತೊಟ್ಟಿ ಸಿಡಿಯುವುದೊಂದೇ ದಾರಿ. ನೀರು ಆವಿಯಾದರೆ ಸುಮಾರು ೧೬೦೦ ಪಟ್ಟು ಜಾಗ ಬೇಡುತ್ತದೆ. ಆ ಸಂಜೆಯೇ ಬಿರಡೆ ಕೀಳಿಸಿದೆವು. ಕವಾಟದ ಬಾಯಿಗೆ ಸಣ್ಣ ಕೊಳವೆ ಸಿಕ್ಕಿಸಿ ಬಚ್ಚಲ ಕಿಂಡಿಗೆ ಬಿಟ್ಟರೆ ಸಾಕು. ಅದನ್ನು ಎಂದಿಗೂ ಕಟ್ಟಕೂಡದು. ತೊಟ್ಟಿಕ್ಕುವುದು ಧಾರೆಯಾದರೆ, ಅಥವಾ ನಲ್ಲಿಯಿಂದ ನೀರಿನ ಬದಲು ಆವಿ ಬಂದರೆ, ಸ್ವಿಚ್ಚು ಆರಿಸಿ, ತಾನಾಗಿ ತಣಿಯಲು ಬಿಟ್ಟು, ತಿಳಿದವರನ್ನು ಕರೆಸಿ.

ಗೋಡೆಯೊಳಗಿನ ಗುದ್ದು, ಸ್ವಿಚ್ಚಿನ ಚಿಟಿಚಿಟಿ

ನಲ್ಲಿ ಮುಚ್ಚಿದೊಡನೆ ಗೋಡೆಯೊಳಗೆ ಯಾರೋ ಗುದ್ದಿದಂತೆ ಕೇಳಿಸಿದರೆ ಅದು ಗೀಸರಿನ ತಪ್ಪಲ್ಲ. ವೇಗವಾಗಿ ಓಡುತ್ತಿದ್ದ ನೀರಿನ ಕಂಬವನ್ನು ಥಟ್ಟನೆ ತಡೆದರೆ ಅದು ಕೊಳವೆಯನ್ನೇ ಗುದ್ದುತ್ತದೆ. ಬಹುಮಹಡಿ ಕಟ್ಟಡದ ಕೆಳ ಅಂತಸ್ತುಗಳಲ್ಲಿ, ಪಂಪಿನ ಒತ್ತಡವಿರುವ ಮನೆಗಳಲ್ಲಿ ಇದು ಹೆಚ್ಚು. ನಲ್ಲಿಯನ್ನು ನಿಧಾನವಾಗಿ ತಿರುಗಿಸಿ. ಸಡಿಲ ಕೊಳವೆಗೆ ಹಿಡಿಕೆ ಹಾಕಿಸಿ. ಒತ್ತಡ ಬಹಳವಿದ್ದರೆ ಅದನ್ನು ತಗ್ಗಿಸುವ ಕವಾಟ ಸಿಗುತ್ತದೆ.

ಇವೆಲ್ಲಕ್ಕಿಂತ ಸಣ್ಣ ಸದ್ದೊಂದಿದೆ. ಗೀಸರಿನ ಸ್ವಿಚ್ಚಿನಿಂದಲೋ ಪ್ಲಗ್ಗಿನಿಂದಲೋ ಬರುವ ಚಿಟಿಚಿಟಿ, ಅಥವಾ ಜೀರುಂಡೆಯಂತಹ ಗುಂಯ್‌ಗುಡುವಿಕೆ. ದೊಡ್ಡ ಗುಡುಗಿಗೆ ಬೆಚ್ಚುವ ನಾವು ಇದನ್ನು ಗಮನಿಸುವುದೇ ಇಲ್ಲ. ೨೦೦೦ ವಾಟಿನ ಗೀಸರು ಒಂಬತ್ತು ಆಂಪಿಯರಿನಷ್ಟು ವಿದ್ಯುತ್ತನ್ನು ಎಳೆಯುತ್ತದೆ. ತಂತಿಯ ತಿರುಪು ಸಡಿಲವಾಗಿದ್ದರೆ ಆ ಸಂದಿನಲ್ಲಿ ಕಿಡಿ ಹಾರಿ, ಪ್ಲಾಸ್ಟಿಕ್ಕು ಕರಗಿ, ಬೆಂಕಿ ಹೊತ್ತುವುದುಂಟು. ಪ್ಲಗ್ಗು ಬಿಸಿಯಾಗಿದೆಯೆ, ಕಂದುಗಟ್ಟಿದೆಯೆ, ಸುಟ್ಟ ವಾಸನೆಯಿದೆಯೆ? ಹಾಗಿದ್ದರೆ ಮುಖ್ಯ ಸ್ವಿಚ್ಚು ಆರಿಸಿ, ಅಂದೇ ಎಲೆಕ್ಟ್ರಿಷಿಯನ್ನನನ್ನು ಕರೆಸಿ. ೧೬ ಆಂಪಿಯರಿನ ಪ್ಲಗ್ಗು, ಒಳ್ಳೆಯ ಅರ್ಥಿಂಗು, ವಿದ್ಯುತ್ತು ಸೋರಿದರೆ ತಾನೇ ಕಡಿಯುವ ೩೦ ಮಿಲಿಆಂಪಿಯರಿನ ಸಾಧನ, ಈ ಮೂರೂ ಗೀಸರಿರುವ ಮನೆಗೆ ಅಗತ್ಯ. ನೀರು ಮುಟ್ಟಿದರೆ ಕೈ ಜುಮ್ಮೆಂದರೆ ಮುಂದಿನ ಸ್ನಾನ ಬೇಡ.

ಅನಿಲದ ಗೀಸರು ಹೇಳಿದ ‘ಧಬ್’

ಈಗ ಮೂರನೆಯ ಗೃಹಿಣಿಯ ‘ಧಬ್’ ಎಂಬ ಸದ್ದಿಗೆ ಬರೋಣ. ೨೦೧೬ರಲ್ಲಿ ನಾವು ಪುಣೆಗೆ ಬಂದಾಗ ಬಾಡಿಗೆಯ ಮನೆಯ ಬಚ್ಚಲಿನಲ್ಲಿ ಅಡುಗೆ ಅನಿಲದ ಗೀಸರಿತ್ತು. ತೊಟ್ಟಿಯಿಲ್ಲ, ಕಾಯುವ ತಾಳ್ಮೆ ಬೇಕಿಲ್ಲ. ನಲ್ಲಿ ತಿರುಗಿಸಿದೊಡನೆ ಬಿಸಿನೀರು. ನೀರಿನ ಒತ್ತಡಕ್ಕೆ ಒಳಗಿನ ಪಟಲ ಸರಿದು, ಬ್ಯಾಟರಿಯಿಂದ ‘ಟಕಟಕ’ ಕಿಡಿ ಹಾರಿ, ಅನಿಲದ ಬಾಯಿ ತೆರೆದು, ಉರಿ ಹತ್ತುತ್ತದೆ. ದೆಹಲಿಯ ಗೊಣಗುವ ಮುದುಕನನ್ನು ಸಾಕಿ ಬಂದ ನಮಗೆ ಈ ಚುರುಕಿನ ಹುಡುಗ ಬಲು ಮೆಚ್ಚಿಗೆಯಾದ.

೨೦೧೮ರ ನವೆಂಬರಿನಲ್ಲಿ ಅದು ಹೊತ್ತುವಾಗ ‘ಧಬ್’ ಎನ್ನತೊಡಗಿತು. ಬ್ಯಾಟರಿ ಸೊರಗಿದರೆ, ಅಥವಾ ಉರಿಯುವ ತೂತುಗಳಲ್ಲಿ ಧೂಳು, ಜೇಡರ ಬಲೆ, ಮಸಿ ಕಟ್ಟಿದರೆ ಕಿಡಿ ತಡವಾಗುತ್ತದೆ. ಅಷ್ಟರಲ್ಲಿ ಅನಿಲ ಒಂದಿಷ್ಟು ಕೂಡಿಕೊಂಡು, ಒಮ್ಮೆಲೇ ಹತ್ತುತ್ತದೆ. ಇದು ಸಣ್ಣ ಸ್ಫೋಟವೇ ಸರಿ, ಇದನ್ನು ಅಲಕ್ಷಿಸಬಾರದು. ನಾವು ಅಲಕ್ಷಿಸಲಿಲ್ಲ. ಮಿಸ್ತ್ರಿಯನ್ನು ಕರೆಸಿದೆವು. ಅವನು ಬರ್ನರು ಶುಚಿಮಾಡಿ ಹೊಸ ಬ್ಯಾಟರಿ ಹಾಕಿದ. ಸದ್ದು ನಿಂತಿತು. ಸದ್ದಿನ ಜೊತೆ ನಮ್ಮ ಚಿಂತೆಯೂ ನಿಂತಿತು. ನಾವು ಮಾಡಿದ ತಪ್ಪು ಇದೇ.

ಸದ್ದಿಲ್ಲದ ಬೆಳಗು

ಡಿಸೆಂಬರಿನಲ್ಲಿ ಚಳಿ ಹೆಚ್ಚಿತು. ಬಚ್ಚಲುಮನೆಯ ಮೇಲ್ಗಿಂಡಿಯಿಂದ ಗಾಳಿ ಬೆನ್ನಿಗೆ ಚೂರಿ ಹಾಕಿದಂತೆ ಬರುತ್ತಿತ್ತು. ಒಂದು ಭಾನುವಾರ ನಾವೇ ಸ್ಟೂಲು ಹತ್ತಿ, ರಟ್ಟು ಕತ್ತರಿಸಿ, ಕಿಂಡಿಗೆ ಅಂಟಿಸಿದೆವು. ಮನೆಯವರೆಲ್ಲ ನಮ್ಮ ಜಾಣತನವನ್ನು ಹೊಗಳಿದರು.

೨೦೧೯ರ ಜನವರಿಯಲ್ಲಿ ನಮ್ಮ ತಂಗಿಯ ಮಗಳು ಧಾರವಾಡದಿಂದ ಒಂದು ಸಂದರ್ಶನಕ್ಕೆಂದು ಬಂದಳು. ರಾತ್ರಿ ಬಸ್ಸಿನ ಪ್ರಯಾಣ; ತಲೆಗೆ ನೀರೆರೆದುಕೊಳ್ಳುತ್ತೇನೆಂದು ಬಚ್ಚಲಿಗೆ ಹೋದಳು. ಗೀಸರು ‘ಟಕಟಕ’ ಎಂದು ಹತ್ತಿತು. ಧಬ್ ಇಲ್ಲ, ಗುಡುಗಿಲ್ಲ, ಬುಸ್ ಇಲ್ಲ. ನಾವು ಕಾಫಿ ಕುಡಿಯುತ್ತ ಪತ್ರಿಕೆ ಓದುತ್ತಿದ್ದೆವು. ಎಂಬತ್ತು ದಾಟಿದ ನಮ್ಮ ತಾಯಿಯವರು ದೇವರ ಮುಂದೆ ಬತ್ತಿ ಹೊಸೆಯುತ್ತಿದ್ದವರು ಇದ್ದಕ್ಕಿದ್ದಂತೆ ಕೈ ನಿಲ್ಲಿಸಿ ಹೇಳಿದರು: “ನೀರಿನ ಸದ್ದು ಒಂದೇ ಸಮ ಬರ್ತಾ ಇದೆ, ತಂಬಿಗೆ ಸದ್ದು ಇಲ್ಲವಲ್ಲೋ!”

ಬಾಗಿಲು ಬಡಿದೆವು. ಉತ್ತರವಿಲ್ಲ. ಕೂಗಿದೆವು. ನೀರು ಸುರಿಯುವ ಸದ್ದೊಂದೇ. ನಾವೂ ಪಕ್ಕದ ಮನೆಯ ಹುಡುಗನೂ ಹೆಗಲು ಕೊಟ್ಟು ಚಿಲಕ ಮುರಿದೆವು. ಹುಡುಗಿ ಗೋಡೆಗೆ ಒರಗಿ ಕುಸಿದಿದ್ದಳು, ಉಸಿರಿತ್ತು, ಪ್ರಜ್ಞೆಯಿರಲಿಲ್ಲ. ನಮ್ಮ ಮನೆಯವರು ಚಾದರ ಸುತ್ತಿದರು. ಎಲ್ಲರೂ ಸೇರಿ ಅವಳನ್ನು ಬಾಲ್ಕನಿಗೆ ಎತ್ತಿ ತಂದೆವು. ಐದು ನಿಮಿಷದಲ್ಲಿ ಕಣ್ಣು ಬಿಟ್ಟಳು, ವಾಂತಿಮಾಡಿಕೊಂಡಳು, ತಲೆ ಸಿಡಿಯುತ್ತಿದೆಯೆಂದಳು. ಆಸ್ಪತ್ರೆಯಲ್ಲಿ ಡಾಕ್ಟರು ಹೆಸರು ವಯಸ್ಸು ಕೇಳುವ ಮುನ್ನ ಕೇಳಿದ್ದು ಒಂದೇ ಮಾತು: “ಬಚ್ಚಲಲ್ಲಿ ಗ್ಯಾಸ್ ಗೀಸರೇ?” ಸಂಜೆಯವರೆಗೆ ಆಮ್ಲಜನಕ ಕೊಟ್ಟರು. ಹುಡುಗಿ ಉಳಿದಳು. ಇನ್ನೈದು ನಿಮಿಷ ನಮ್ಮ ತಾಯಿಯವರ ಕಿವಿಗೆ ತಂಬಿಗೆಯ ನೆನಪಾಗದಿದ್ದರೆ ತಂಗಿಗೆ ನಾವು ಯಾವ ಮುಖ ತೋರಿಸಬೇಕಿತ್ತು? ರಟ್ಟು ಅಂಟಿಸಿದ ಕೈ ನಮ್ಮದೇ.

ನಡೆದದ್ದೇನು?

ಡಾಕ್ಟರು ಹೇಳಿದ್ದನ್ನೂ ಆಮೇಲೆ ನಾವು ಓದಿ ತಿಳಿದದ್ದನ್ನೂ ಇಲ್ಲಿ ಕೊಡುತ್ತೇವೆ. ಅಡುಗೆ ಅನಿಲ ಚೆನ್ನಾಗಿ ಉರಿಯಲು ಬಹಳ ಗಾಳಿ ಬೇಕು. ಒಂದು ಕಿಲೋ ಅನಿಲಕ್ಕೆ ಸುಮಾರು ೧೨ ಘನ ಮೀಟರು. ನಿಮಿಷಕ್ಕೆ ಆರು ಲೀಟರು ನೀರು ಕಾಯಿಸುವ ಗೀಸರು ಪೂರ್ತಿ ಉರಿದರೆ ಗಂಟೆಗೆ ಸುಮಾರು ಒಂದು ಕಿಲೋ ಅನಿಲವನ್ನು ಸುಡುತ್ತದೆ. ಎಂದರೆ ಇಪ್ಪತ್ತು ನಿಮಿಷದ ಸ್ನಾನಕ್ಕೆ ನಾಲ್ಕು ಘನ ಮೀಟರು ಗಾಳಿ ಬೇಕಾಯಿತು. ನಾಲ್ಕಡಿ ಅಗಲ, ಆರಡಿ ಉದ್ದ, ಎಂಟಡಿ ಎತ್ತರದ ನಮ್ಮ ಬಚ್ಚಲುಮನೆಯಲ್ಲಿದ್ದ ಒಟ್ಟು ಗಾಳಿ ಐದೂವರೆ ಘನ ಮೀಟರಿಗೂ ಕಡಮೆ. ಕಿಂಡಿ ಮುಚ್ಚಿತ್ತು, ಬಾಗಿಲು ಹಾಕಿತ್ತು. ಲೆಕ್ಕವನ್ನು ಓದುಗರೇ ಮಾಡಿಕೊಳ್ಳಬಹುದು.

ಗಾಳಿ ಸಾಲದಾದಾಗ ಅನಿಲ ಅರ್ಧಂಬರ್ಧ ಉರಿದು ಕಾರ್ಬನ್ ಮೊನಾಕ್ಸೈಡ್ ಎಂಬ ವಿಷವಾಯು ಹುಟ್ಟುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ, ರುಚಿಯಿಲ್ಲ. ಕಣ್ಣು ಉರಿಸುವುದಿಲ್ಲ, ಕೆಮ್ಮು ಬರಿಸುವುದಿಲ್ಲ. ನಮ್ಮ ನೆತ್ತರಿನ ಹೀಮೋಗ್ಲೋಬಿನ್ ಆಮ್ಲಜನಕವನ್ನು ಹೊತ್ತು ಮೈಯೆಲ್ಲ ತಿರುಗುವ ಕೂಲಿಯಾಳು. ಈ ವಾಯು ಆಮ್ಲಜನಕಕ್ಕಿಂತ ಇನ್ನೂರು ಪಟ್ಟಿಗೂ ಹೆಚ್ಚು ಬಿಗಿಯಾಗಿ ಅದಕ್ಕೆ ಅಂಟಿಕೊಳ್ಳುತ್ತದೆ. ಉಸಿರಾಟ ನಡೆಯುತ್ತಲೇ ಇರುತ್ತದೆ. ಮಿದುಳಿಗೂ ಹೃದಯಕ್ಕೂ ಮಾತ್ರ ಆಮ್ಲಜನಕ ತಲುಪುವುದಿಲ್ಲ. ಮೊದಲು ತಲೆನೋವು, ತಲೆಸುತ್ತು, ಓಕರಿಕೆ. ಆಮೇಲೆ ಕಾಲುಗಳಲ್ಲಿ ಬಲವಿಲ್ಲ. ಅಪಾಯ ತಿಳಿದರೂ ಚಿಲಕದವರೆಗೆ ಕೈ ಹೋಗುವುದಿಲ್ಲ. ಸೋರಿದ ಅಡುಗೆ ಅನಿಲಕ್ಕೆ ನಮ್ಮನ್ನು ಎಚ್ಚರಿಸಲೆಂದೇ ದುರ್ವಾಸನೆ ಬೆರೆಸಿರುತ್ತಾರೆ. ಆದರೆ ಉರಿಯುವಾಗ ಆ ವಾಸನೆಯೂ ಸುಟ್ಟುಹೋಗುತ್ತದೆ. ಹೀಗಾಗಿ ಮೂಗನ್ನು ನಂಬಿ ಫಲವಿಲ್ಲ. ದೆಹಲಿಯ ಚಳಿಯಲ್ಲಿ ಮುಚ್ಚಿದ ಕೋಣೆಯೊಳಗೆ ಇದ್ದಿಲಿನ ಸಿಗಡಿ ಇಟ್ಟುಕೊಂಡು ಮಲಗಿದವರು ಮತ್ತೆ ಏಳದಿರುವುದಕ್ಕೂ ಇದೇ ಕಾರಣ. ವಿದ್ಯುತ್ ಗೀಸರಿನಲ್ಲಿ ಉರಿಯೇ ಇಲ್ಲವಾದ್ದರಿಂದ ಈ ಭಯವಿಲ್ಲ.

ಈಗ ನಾವು ಮೊದಲಿಗೆ ಬಾಕಿಯಿಟ್ಟ ಮಾತನ್ನು ಹೇಳಬಹುದು. ಗೀಸರಿನ ಸದ್ದುಗಳೆಲ್ಲ ಅದು ನಮಗೆ ಹೇಳುವ ದೂರುಗಳು, ಕೇಳಿ ಪರಿಹರಿಸಬೇಕು. ಆದರೆ ಎಲ್ಲಕ್ಕಿಂತ ದೊಡ್ಡ ಅಪಾಯ ದೂರು ಹೇಳುವುದೇ ಇಲ್ಲ. ಸದ್ದು ನಿಂತಿತೆಂದರೆ ಕ್ಷೇಮವಾಯಿತೆಂದು ಅರ್ಥವಲ್ಲ.

ಮನೆಯಲ್ಲಿ ಪಾಲಿಸಬೇಕಾದದ್ದು

ಅನಿಲದ ಗೀಸರು ಬಚ್ಚಲುಮನೆಯೊಳಗೆ ಇರಲೇಕೂಡದು. ಗಾಳಿಯಾಡುವ ಬಾಲ್ಕನಿಯಲ್ಲಿಯೋ ಹೊರಗೋಡೆಯಲ್ಲಿಯೋ ಇರಿಸಿ, ಬಿಸಿನೀರನ್ನು ಮಾತ್ರ ಕೊಳವೆಯಲ್ಲಿ ಒಳಗೆ ತನ್ನಿ. ನಾವು ಮರುವಾರವೇ ಹಾಗೆ ಮಾಡಿದೆವು. ಖರ್ಚು ಒಂದು ರೇಷ್ಮೆ ಸೀರೆಯಷ್ಟೂ ಆಗಲಿಲ್ಲ. ಬಾಡಿಗೆಯ ಮನೆಯವರು ಮಾಲೀಕರನ್ನು ಕೇಳಲು ಸಂಕೋಚಪಡಬಾರದು. ಬದಲಾಯಿಸುವವರೆಗೆ ಬಾಗಿಲು ತೆರೆದಿಟ್ಟು ಬಕೀಟಿಗೆ ನೀರು ತುಂಬಿಸಿಕೊಂಡು, ಗೀಸರು ಆರಿಸಿ, ಸ್ವಲ್ಪ ಹೊತ್ತು ಗಾಳಿಯಾಡಿದ ಮೇಲೆ ಸ್ನಾನಕ್ಕೆ ಹೋಗಿ. ಕಿಂಡಿಗೆ ರಟ್ಟು, ಬಟ್ಟೆ, ಗಾಜು ಯಾವುದೂ ಬೇಡ. ಒಬ್ಬರಾದ ಮೇಲೊಬ್ಬರು ಬಿಡುವಿಲ್ಲದೆ ಸ್ನಾನ ಮಾಡುವ ಹಬ್ಬದ ದಿನ ಎರಡು ಪಾಲು ಎಚ್ಚರ ಬೇಕು. ಕೊನೆಗೆ ಹೋದವರ ಪಾಲಿಗೆ ಗಾಳಿ ಉಳಿದಿರುವುದಿಲ್ಲ.

ಉರಿಯ ಬಣ್ಣ ನೋಡುವುದನ್ನು ರೂಢಿಮಾಡಿಕೊಳ್ಳಿ. ನೀಲಿ ಉರಿ ಸರಿ; ಹಳದಿ ಉರಿ, ಮೇಲೆ ಮಸಿ ಕಂಡರೆ ಅದು ಅರೆಬೆಂದ ಉರಿ. ವರ್ಷಕ್ಕೊಮ್ಮೆ ಶುಚಿಮಾಡಿಸಿ, ಅವಧಿ ಮುಗಿದ ರಬ್ಬರು ಕೊಳವೆ ಬದಲಾಯಿಸಿ. ಕಾರ್ಬನ್ ಮೊನಾಕ್ಸೈಡನ್ನು ಗುರುತಿಸಿ ಕೂಗುವ ಚಿಕ್ಕ ಯಂತ್ರ ನಮ್ಮ ದೇಶದಲ್ಲಿಯೂ ಸಿಗುತ್ತದೆ. ಸದ್ದಿಲ್ಲದ ಶತ್ರುವಿಗೆ ಅದು ಸದ್ದು ಕೊಡುತ್ತದೆ.

ಯಾರಾದರೂ ಬಿದ್ದುದು ಕಂಡರೆ, ಬಾಗಿಲು ಕಿಟಕಿ ತೆರೆದು, ಉಸಿರು ಬಿಗಿಹಿಡಿದು ಅವರನ್ನು ಬಯಲಿಗೆ ತನ್ನಿ, ಅನಿಲ ಮುಚ್ಚಿ, ೧೧೨ಕ್ಕೆ ಫೋನುಮಾಡಿ. ಉಸಿರಿದ್ದರೆ ಪಕ್ಕಕ್ಕೆ ಮಲಗಿಸಿ. ಎಚ್ಚರವಾದರೆಂದು ಮನೆಯಲ್ಲಿಯೇ ಉಳಿಸಿಕೊಳ್ಳಬೇಡಿ. ಆಸ್ಪತ್ರೆಗೆ ಒಯ್ದು, ಅನಿಲದ ಗೀಸರಿತ್ತೆಂದು ಮೊದಲೇ ಹೇಳಿ. ೨೦೨೦–೨೧ರ ಸಾಂಕ್ರಾಮಿಕದಲ್ಲಿ ನಾವೆಲ್ಲ ಕೊಂಡ ಬೆರಳಿಗೆ ಸಿಕ್ಕಿಸುವ ಆಕ್ಸಿಮೀಟರನ್ನು ಇಲ್ಲಿ ನಂಬಕೂಡದು. ವಿಷವಾಯು ಹತ್ತಿದ ನೆತ್ತರನ್ನೂ ಅದು ಆಮ್ಲಜನಕ ತುಂಬಿದ ನೆತ್ತರೆಂದೇ ತಪ್ಪು ತಿಳಿಯುತ್ತದೆ. ಇನ್ನು ಅನಿಲ ಸೋರಿದ ವಾಸನೆ ಬಂದರೆ ಯಾವ ಸ್ವಿಚ್ಚನ್ನೂ ಮುಟ್ಟದೆ, ರೆಗ್ಯುಲೇಟರು ಮುಚ್ಚಿ, ಬಾಗಿಲು ಕಿಟಕಿ ತೆರೆದು, ಹೊರಗೆ ಬಂದು ೧೯೦೬ಕ್ಕೆ ತಿಳಿಸಿ.

ಮಕ್ಕಳ ಮನೆಗೆ ಹೋದಾಗ

ಸಂಘದ ಹಿರಿಯರು ಅನೇಕರು ಅಮೆರಿಕ, ಕೆನಡಗಳಲ್ಲಿ ಮಕ್ಕಳ ಮನೆಗೆ ಹೋಗಿ ಚಳಿಗಾಲ ಕಳೆಯುವುದುಂಟು. ಅಲ್ಲಿ ನೆಲಮಾಳಿಗೆಯಲ್ಲಿ ಅನಿಲದ ಫರ್ನೇಸು ಉರಿದು, ಬಿಸಿಗಾಳಿ ತಗಡಿನ ಕೊಳವೆಗಳಲ್ಲಿ ಮನೆಯೆಲ್ಲ ಹರಿಯುತ್ತದೆ. ರಾತ್ರಿ ‘ಟಿಕ್ ಟಿಕ್’ ಎಂದರೆ ತಗಡು ಕಾದು ಹಿಗ್ಗುವ ಸದ್ದು, ನಿಶ್ಚಿಂತೆಯಿಂದ ಮಲಗಿ. ಕಿರ್ರೆಂದು ಕಿರುಚಿದರೆ ಫ್ಯಾನಿನ ಬೆಲ್ಟೋ ಬೇರಿಂಗೋ ಸವೆದಿದೆ. ಹೊತ್ತುವಾಗ ‘ಧಬ್’ ಎಂದರೆ ನಮ್ಮ ಪುಣೆಯ ಗೀಸರಿನ ರೋಗವೇ; ಆರಿಸಿ, ತಜ್ಞರನ್ನು ಕರೆಸಲು ಮಕ್ಕಳಿಗೆ ಹೇಳಿ. ಗೋಡೆಯ ಮೇಲೊಂದು ಬಿಳಿಯ ಡಬ್ಬಿ ಇರುತ್ತದೆ. ಅದು ಆಗೊಮ್ಮೆ ಈಗೊಮ್ಮೆ ಒಂದೇ ಬಾರಿ ‘ಚಿಂವ್’ ಎಂದರೆ ಸಾಮಾನ್ಯವಾಗಿ ಬ್ಯಾಟರಿ ಮುಗಿಯುತ್ತ ಬಂದಿದೆಯೆಂದರ್ಥ. ನಾಲ್ಕು ನಾಲ್ಕು ಬಾರಿ ಜೋರಾಗಿ ಕೂಗಿದರೆ ಮೊಮ್ಮಕ್ಕಳನ್ನು ಎತ್ತಿಕೊಂಡು ಹೊರಗೆ ನಡೆಯಿರಿ, ಕೋಟು ಹುಡುಕಬೇಡಿ. ಕಿರಿಕಿರಿಯೆಂದು ಅದರ ಬ್ಯಾಟರಿ ತೆಗೆದಿಡುವುದು, ಕವಾಟಕ್ಕೆ ಬಿರಡೆ ಜಡಿದ ನಮ್ಮ ನೆರೆಯವರ ಬುದ್ಧಿವಂತಿಕೆಯೇ.

ನಮ್ಮ ತಂಗಿಯ ಮಗಳಿಗೆ ಆ ಕೆಲಸ ಸಿಗಲಿಲ್ಲ. ಅದೇ ವರ್ಷ ಬೇರೊಂದು ಸಿಕ್ಕಿತು. ಪುಣೆಗೆ ಬಂದಾಗಲೆಲ್ಲ ನಮ್ಮಲ್ಲಿಯೇ ಇಳಿಯುತ್ತಾಳೆ. ಅವಳು ಸ್ನಾನಕ್ಕೆ ಹೋದರೆ ನಮ್ಮ ತಾಯಿಯವರು ಬಚ್ಚಲ ಬಾಗಿಲ ಬಳಿಯೇ ಮಣೆ ಹಾಕಿಕೊಂಡು ಬತ್ತಿ ಹೊಸೆಯಲು ಕೂರುತ್ತಾರೆ. ಒಳಗಿನಿಂದ ತಂಬಿಗೆ ಬಕೀಟಿಗೆ ತಗುಲುವ ‘ಠಣ್’ ಎಂಬ ಸದ್ದು ಬರುತ್ತಿರಬೇಕು. ಬರದಿದ್ದರೆ “ಏನೇ, ಮಾತಾಡೇ” ಎನ್ನುತ್ತಾರೆ. ಹುಡುಗಿಯೂ ಬೇಸರಿಸದೆ “ಇದ್ದೀನಜ್ಜಿ” ಎನ್ನುತ್ತಾಳೆ.